ಗಂಡನ ಹೆಸರು ಗೊತ್ತಿಲ್ಲದ ಇಪ್ಪತ್ತೇಳು ಮಂದಿ

ಮತದಾರರ ಪಟ್ಟಿಯನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಊರಿನ ಇಪ್ಪತ್ತೇಳು ಜನ ಹೆಣ್ಣುಮಕ್ಕಳಿಗೆ ತಮ್ಮ ತಮ್ಮ ಗಂಡನ ಹೆಸರು ಗೊತ್ತಿಲ್ಲವೆಂದು ನಿಮ್ಮ ಕಚೇರಿ ಬರೆದು ತಿಳಿಸಿದೆ. ಇಪ್ಪತ್ತೇಳು ಅರ್ಜಿಗಳ ಮೇಲೂ ಒಂದೇ ಕೈಬರಹ, ಒಂದೇ ಶಾಯಿ, ಒಂದೇ ವಾಕ್ಯ: ‘ಅರ್ಜಿದಾರಳಿಗೆ ಗಂಡನ ಹೆಸರು ತಿಳಿದಿರುವುದಿಲ್ಲ, ತಿರಸ್ಕರಿಸಿದೆ.’ ಇವರಲ್ಲಿ ಮೂವರು ಮೊಮ್ಮಕ್ಕಳನ್ನು ಕಂಡವರು. ಒಬ್ಬಾಕೆಗೆ ಗಂಡನ ಎಡಗಾಲಿನ ಆಣಿ ಯಾವ ಬೆರಳಿನ ಕೆಳಗಿದೆ ಎಂಬುದೂ ಗೊತ್ತು. ಹೆಸರೊಂದು ಗೊತ್ತಿಲ್ಲ. ಇಷ್ಟು ವರ್ಷ ಯಾರೋ ಗುರುತಿಲ್ಲದ ಗಂಡಸರಿಗೆ ರೊಟ್ಟಿ ಬಡಿದು ಹಾಕುತ್ತ ಬಂದೆವೆಂದು ತಿಳಿದು ಓಣಿಯ ಹೆಂಗಸರಿಗೆಲ್ಲ ಗಾಬರಿಯಾಗಿದೆ. ಗಂಡಸರಿಗೂ ಆಗಿದೆ, ಆದರೆ ಅವರು ರೊಟ್ಟಿ ತಿನ್ನುವುದನ್ನು ನಿಲ್ಲಿಸಿಲ್ಲ.

ಈ ಇಪ್ಪತ್ತೇಳು ಹೆಸರು ಇದೇ ತಿಂಗಳ ಇಪ್ಪತ್ತೆಂಟರೊಳಗೆ ಸೇರದಿದ್ದರೆ ಅಂತಿಮ ಪಟ್ಟಿ ಅಚ್ಚಾಗಿ ಹೋಗುತ್ತದೆ. ಅದನ್ನು ಸರಿ ಮಾಡಿರೆಂದು ಕೇಳಲು ಬಂದ ನನ್ನ ಕೈಗೆ ನೀವು ಕೊಟ್ಟದ್ದು ಒಂದು ನೋಟೀಸು. ಸೇವಾ ಸಂಸ್ಥೆಯ ಕಾರ್ಯಕರ್ತೆಯಾದ ನಾನು ಸುಳ್ಳು ದಾಖಲೆ ಸೃಷ್ಟಿಸಿದ್ದೇನೆಂದೂ ಏಳು ದಿನದಲ್ಲಿ ವಿವರಣೆ ಕೊಡಬೇಕೆಂದೂ ಅದರಲ್ಲಿದೆ. ನೋಟೀಸಿನ ತಲೆಯ ಮೇಲೆ ‘ರಾಜಮತಿ ಕೋಂ’ ಎಂದು ಬರೆದು ಮುಂದೆ ಚುಕ್ಕಿಗಳನ್ನು ಬಿಟ್ಟಿದ್ದೀರಿ. ಕೋಂ ಅಂದರೆ ಇಂಥವರ ಹೆಂಡತಿ. ಇಂಥವರು ಯಾರೆಂಬುದನ್ನು ನಾನೇ ತುಂಬಿ ಕಳಿಸಬೇಕು, ಖಾಲಿ ಬಿಟ್ಟರೆ ವಿವರಣೆಯನ್ನು ಪರಿಗಣಿಸುವುದಿಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ತುಂಬುತ್ತೇನೆ. ಆದರೆ ನಮ್ಮ ಕಡೆ ಆ ಹೆಸರು ಕಟ್ಟಕಡೆಗೆ ಬರುತ್ತದೆ. ದಯವಿಟ್ಟು ನಡುವೆ ಎದ್ದು ಹೋಗಬೇಡಿ. ನಿಮ್ಮೊಬ್ಬರಿಗೇ ಕಳಿಸಿದರೆ ಯಾವ ಕಪಾಟು ಸೇರುತ್ತದೋ ಎಂದು ಒಂದು ಪ್ರತಿಯನ್ನು ಪತ್ರಿಕೆಗೂ ಕೊಟ್ಟಿದ್ದೇನೆ.

ನಾನು ಹುಕ್ಕೇರಿಯಲ್ಲಿ ಏಳನೇ ಇಯತ್ತೆ ಕಲಿತವಳು. ನಮ್ಮದು ಎರಡು ಕೋಣೆಯ ಸೇವಾ ಸಂಸ್ಥೆ. ನಾಲ್ಕು ಹೊಲಿಗೆ ಯಂತ್ರ, ಒಂದು ಬಾಲವಾಡಿ, ಹತ್ತು ನಿಮಿಷ ಮುಂದೆ ಓಡುವ ಒಂದು ಗಡಿಯಾರ. ಕಳೆದ ನವೆಂಬರಿನಲ್ಲಿ ನಿಮ್ಮ ಸುತ್ತೋಲೆ ಬಂತು. ಸಮಾಜ ಸೇವಾ ಸಂಸ್ಥೆಗಳು ತಮ್ಮಲ್ಲಿಗೆ ಬರುವ ಪ್ರತಿಯೊಬ್ಬರನ್ನೂ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕೇಳತಕ್ಕದ್ದು. ಇಲ್ಲದಿದ್ದರೆ ನಮೂನೆ ಆರನ್ನು ತುಂಬತಕ್ಕದ್ದು. ಯಾವ ಪಕ್ಷದ ಮಾತನ್ನೂ ಎತ್ತತಕ್ಕದ್ದಲ್ಲ. ಹೆಸರು ಬರೆಸಿದರೆ ಮಾತ್ರ ಹೊಲಿಗೆ ಕಲಿಸುತ್ತೇವೆ ಎನ್ನತಕ್ಕದ್ದಲ್ಲ. ಎಲ್ಲ ವಿವರವನ್ನೂ ಅರ್ಜಿದಾರರ ಬಾಯಿಂದಲೇ ಕೇಳಿ ಬರೆದುಕೊಳ್ಳತಕ್ಕದ್ದು, ಬೇರೆಯವರು ಹೇಳಿಕೊಡತಕ್ಕದ್ದಲ್ಲ. ನಮ್ಮಲ್ಲಿ ಹೊಲಿಗೆ ಕಲಿಯುವ ದೀಪಾಲಿ ಅದನ್ನು ಗಟ್ಟಿಯಾಗಿ ಓದುತ್ತ ಹನ್ನೊಂದು ‘ತಕ್ಕದ್ದು’, ನಾಲ್ಕು ‘ತಕ್ಕದ್ದಲ್ಲ’ ಎಂದು ಲೆಕ್ಕ ಹಾಕಿದಳು. ಧನ್ಯವಾದ ಎಂಬ ಶಬ್ದವನ್ನು ಹುಡುಕಿದೆವು. ಹಾಳೆ ತಿರುವಿ ಹಾಕಿದರೂ ಸಿಗಲಿಲ್ಲ.

ಆದರೂ ನಮಗೆ ಸಂತೋಷವೇ ಆಯಿತು. ಕಾರಣ ಹೇಳುತ್ತೇನೆ. ನಮ್ಮ ಕೆಳಗಿನ ಓಣಿಗೆ ನಳ ಬಂದಿಲ್ಲ. ಹೆಂಗಸರು ಮೇಲಿನ ಓಣಿಯಲ್ಲಿ ಕೊಡ ಹಿಡಿದು ನಿಂತು, ಅಲ್ಲಿಯವರ ಬಟ್ಟೆ ಪಾತ್ರೆ ಎಲ್ಲ ಮುಗಿದ ಮೇಲೆ ತುಂಬಿಕೊಂಡು ಬರುತ್ತಾರೆ. ನಳ ಕೇಳಲು ಹೋದಾಗ ನಮ್ಮ ಊರಿನ ಮುಖಂಡರೊಬ್ಬರು ಬಹಳ ಮರ್ಯಾದೆಯಿಂದ ಕೂಡಿಸಿ ಹೇಳಿದ್ದರು: “ಅಕ್ಕಾರ, ನಿಮ್ಮ ಓಣಿಯಾಗ ಓಟ ನಲವತ್ತೊಂದು. ಮ್ಯಾಲಿನ ಓಣಿಯಾಗ ನೂರಾ ಹನ್ನೆರಡು. ನೀವ ಹೇಳ್ರಿ, ಪೈಪ ಯಾವ ಕಡೆ ತಿರಗಬೇಕು?” ಹುಡುಕಿ ನೋಡಿದರೆ ಕೆಳಗಿನ ಓಣಿಯ ಮೂವತ್ತೊಂದು ಹೆಂಗಸರ ಹೆಸರು ಪಟ್ಟಿಯಲ್ಲಿಯೇ ಇರಲಿಲ್ಲ. ಸುತ್ತೋಲೆ ಬಂದದ್ದು ನಳವೇ ಅರ್ಧ ದಾರಿ ಬಂದ ಹಾಗಾಯಿತು.

ನಮೂನೆ ಆರರಲ್ಲಿ ತಂದೆಯ, ತಾಯಿಯ ಅಥವಾ ಗಂಡನ ಹೆಸರು ಎಂಬ ಒಂದು ಅಂಕಣವಿದೆ. ಮೂವತ್ತೊಂದರಲ್ಲಿ ಮೂವರು ಲಗ್ನವಾಗದ ಹುಡುಗಿಯರು. ಅಪ್ಪನ ಹೆಸರನ್ನು ಪಟಪಟನೆ ಹೇಳಿ ಮುಗಿಸಿದರು. ಉಳಿದವರು ಆ ಅಂಕಣಕ್ಕೆ ಬಂದು ನಿಂತರು. ಮಾನ್ಯರೇ, ನಮ್ಮ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟುತ್ತಾಳೆ: ಮೂರು ಸಾಲು ಅದೂ ಇದೂ ಮಾತು, ನಾಲ್ಕನೆಯ ಸಾಲಿನ ತುದಿಗೆ ಹೆಸರು. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳಿಸದೆ ಒಳಗೆ ಬಿಡುವುದಿಲ್ಲ. ಅಷ್ಟು ಪುರಸೊತ್ತಿಲ್ಲದ ದಿನಗಳಲ್ಲಿ ಬಾಜೂದಾಕೆ ಹೇಳಿಬಿಡುತ್ತಾಳೆ. ಇನ್ನೊಬ್ಬಳ ಗಂಡನ ಹೆಸರು ಹೇಳಲು ನಮ್ಮಲ್ಲಿ ಯಾವ ಅಡ್ಡಿಯೂ ಇಲ್ಲ, ಎಷ್ಟು ಸಲ ಬೇಕಾದರೂ ಹೇಳುತ್ತೇವೆ. ದವಾಖಾನೆಯಲ್ಲಿ, ರೇಷನ್ ಅಂಗಡಿಯಲ್ಲಿ ಇಷ್ಟು ದಿನ ನಡೆದದ್ದು ಹಾಗೆಯೇ.

ಮೊದಲು ಕೂತವಳು ಅಲ್ಲವ್ವ, ನಲವತ್ತೈದು ದಾಟಿದ ಗಟ್ಟಿ ಹೆಂಗಸು. “ಅಕ್ಕಾರ, ನಿಮಗ ಗೊತ್ತ ಐತೆಲ್ಲಾ, ಬರಕೋರಿ” ಅಂದಳು.

ನನಗೆ ಗೊತ್ತಿದ್ದದ್ದು ನಡೆಯುವುದಿಲ್ಲ, ನಿನ್ನ ಬಾಯಿಂದಲೇ ಬರಬೇಕಂತೆ ಎಂದು ಸುತ್ತೋಲೆ ತೋರಿಸಿದೆ.

“ಇಷ್ಟ ದಿವಸ ಇಲ್ಲದ್ದು, ಸರಕಾರಕ್ಕ ಈಗ ನನ್ನ ಬಾಯಿ ಮ್ಯಾಲ ಯಾಕ ಕಣ್ಣ ಬಿತ್ತು?” ಅಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು:

ಸಂತಿಗೆ ಕಳಿಸಿದರ ಉಪ್ಪ ಮರೀತಾರ, ಎಣ್ಣಿ ಮರೀತಾರ,
ಮನಿ ದಾರಿ ಒಂದ ಮರೀದ ಹೊತ್ತ ಮುಣಗೂದ್ರಾಗ ಬರತಾರ,
ಬಾಗಲಾಗ ಕೆಮ್ಮಿದ್ದ ಕೇಳಿದರ ನೀರ ತುಂಬಿ ಇಡತೇನಿ,
ಬಂದರು ನಮ್ಮ ಕಲ್ಲಪ್ಪನವರು.

ಅಲ್ಲಿಗೆ ಉಳಿದವರ ಬಾಯಿ ಬಿಚ್ಚಿತು. ಮುದಲಗಿಯಿಂದ ಹೋದ ವರ್ಷ ಮದುವೆಯಾಗಿ ಬಂದ ಭಕ್ತಿ ಎಂಬ ಹುಡುಗಿ, ಅತ್ತೆ ಅಲ್ಲಿಯೇ ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದರೂ ಅಂಜದೆ ಹೇಳಿದಳು:

ಕನ್ನಡಿ ಮುಂದ ನಿಂತರ ನಾನೂ ಚೆಲುವಿ, ಅವರೂ ಚೆಲುವರು,
ಜಗಳಕ್ಕ ನಿಂತರ ನಾನೂ ವಕೀಲಿ, ಅವರೂ ವಕೀಲರು,
ಅತ್ತಿ ಬಂದು ನಿಂತರ ನಾ ಒಬ್ಬಾಕಿನ ಮಾತಾಡಬೇಕು,
ಮೂಕರಾಗತಾರ ನಮ್ಮ ಅಭಿನಂದನರು.

ಅತ್ತೆ ತಲೆ ಎತ್ತದೆ, “ಅವ ಹುಟ್ಟಿದಾಗಿಂದ ಹಂಗ ಅದಾನ, ನನ್ನ ಮ್ಯಾಲ ಯಾಕ ಹಾಕತಿ” ಅಂದಳು. ಹೊಲಿಗೆ ಯಂತ್ರಗಳು ಆ ಮಧ್ಯಾಹ್ನ ನಡೆಯಲಿಲ್ಲ. ನಿಮ್ಮ ಕಚೇರಿ ಕೊಟ್ಟ ನಮೂನೆಗಳಲ್ಲಿ ಒಂದು ಅಕ್ಷರ ತಿದ್ದಿದರೂ ತಿರಸ್ಕಾರ ಎಂಬ ಎಚ್ಚರಿಕೆ ಇದ್ದುದರಿಂದ, ಒಬ್ಬೊಬ್ಬರ ಒಡಪನ್ನೂ ಮೊದಲು ನನ್ನ ಡೈರಿಯ ಖಾಲಿ ಹಾಳೆಗಳಲ್ಲಿ, ಒಂದು ಹಾಳೆಗೆ ಒಬ್ಬರಂತೆ ಬರೆದುಕೊಂಡು, ಕಡೆಯ ಶಬ್ದವನ್ನು ನಮೂನೆಗೆ ಇಳಿಸಿದೆ. ಇಪ್ಪತ್ತೇಳು ಒಡಪು, ಇಪ್ಪತ್ತೇಳು ಹಾಳೆ. ಇಪ್ಪತ್ತೆಂಟನೆಯವಳಾದ ಸುಲ್ತಾನಾಬಿಯದೊಂದು ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಅರ್ಜಿಯಲ್ಲಿ ಬರೆದದ್ದನ್ನು ಅವರವರ ಬಾಯಿಂದಲೇ ಕೇಳಿ ತಾಳೆ ನೋಡಲು ಜನವರಿಯಲ್ಲಿ ವಿಚಾರಣೆಗೆ ಕರೆದಿರಿ. ಎರಡು ಬಸ್ಸು ಬದಲಿಸಿ, ಬುತ್ತಿ ಕಟ್ಟಿಕೊಂಡು ಬಂದೆವು. ಕಾರ್ಯಕರ್ತರು ಹೊಸ್ತಿಲ ಹೊರಗೆ ನಿಲ್ಲತಕ್ಕದ್ದು ಎಂದು ಅಲ್ಲೊಂದು ಚೀಟಿ ಅಂಟಿಸಿದ್ದರಿಂದ ನಾನು ಹೊರಗೆ ನಿಂತೆ. ಇಪ್ಪತ್ತೆಂಟು ಗಂಡಂದಿರ ಹೆಸರೂ ನನ್ನ ನಾಲಿಗೆಯ ತುದಿಯಲ್ಲಿದ್ದವು, ಬಾಯಿ ಮುಚ್ಚಿಕೊಂಡಿದ್ದೆ. ವಿಚಾರಣೆಗೆ ಕೂತ ನಿಮ್ಮ ಸಾಹೇಬರು ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರಂತೆ. ತಪ್ಪು ಅವರದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ.

ಗಂಡನ ಹೆಸರು ಎಂದು ಅವರು ಕೇಳಿದಾಗ ಅಲ್ಲವ್ವ ರೂಢಿಯಂತೆ ಹಿಂದೆ ನಿಂತ ಭಕ್ತಿಯ ಕಡೆ ತಿರುಗಿ, “ಹೇಳ ಯವ್ವಾ” ಅಂದಳು. ಭಕ್ತಿ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಮೇಜು ಕುಟ್ಟಿ, ಬೇರೆಯವರು ಹೇಳಿಕೊಡುವಂತಿಲ್ಲ ಎಂದರು. ಸರಿ, ಅಲ್ಲವ್ವ ಗಂಟಲು ಸರಿಮಾಡಿಕೊಂಡು ಒಡಪು ಶುರು ಮಾಡಿದಳು. ಉಪ್ಪು ಮುಗಿಸಿ ಎಣ್ಣೆಗೆ ಬಂದಿದ್ದಳು.

“ನೋಡಮ್ಮ, ಉಪ್ಪು ಎಣ್ಣೆ ಸಿಗದಿದ್ದರೆ ರೇಷನ್ ವಿಭಾಗ ಆಚೆ ಕೋಣೆಯಲ್ಲಿದೆ. ಇಲ್ಲಿ ಗಂಡನ ಹೆಸರು ಹೇಳಿ.”

“ಅದನ್ನ ಹೇಳಾಕತ್ತೇನ್ರಿ ಸಾಹೇಬ್ರ. ತಡೀರಿ, ಈಗ ಬರತಾರ.”

“ಯಾರು ಬರುತ್ತಾರೆ?”

“ನಮ್ಮವರು.”

ಸಾಹೇಬರು ಬಾಗಿಲ ಕಡೆ ನೋಡಿದರು. ಅಲ್ಲಿ ನಾನಿದ್ದೆ. ನಡುವೆ ತಡೆದರೆ ಒಡಪನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಅಲ್ಲವ್ವ ಮತ್ತೆ ಗಂಡನನ್ನು ಸಂತೆಗೆ ಕಳಿಸಿದಳು. ಅವನು ಉಪ್ಪು ಮರೆತ, ಎಣ್ಣೆ ಮರೆತ, ಹೊತ್ತು ಮುಳುಗುವುದರೊಳಗೆ ಮನೆಗೆ ಬಂದು ಬಾಗಿಲಲ್ಲಿ ಕೆಮ್ಮಿದ. ಅಷ್ಟಕ್ಕೆ ಸರಿಯಾಗಿ ಸಾಹೇಬರು “ಮುಂದಿನವರು” ಎಂದರು. ಮಾನ್ಯರೇ, ಕಲ್ಲಪ್ಪ ಒಳಗೆ ಬರಲು ಒಂದು ಉಸಿರು ಬಾಕಿ ಇತ್ತು. ಆ ಒಂದು ಉಸಿರಿನಷ್ಟು ಪುರಸೊತ್ತು ಸರಕಾರಕ್ಕೆ ಇರಬಾರದೇ?

ಅಲ್ಲವ್ವನಂಥವಳಿಗೇ ಹೀಗಾದ ಮೇಲೆ ಉಳಿದ ಇಪ್ಪತ್ತಾರು ಜನ ಒಬ್ಬೊಬ್ಬರಾಗಿ ಮುಂದೆ ಬಂದು ನೆಲ ನೋಡಿದರು. ಪ್ರತಿಯೊಬ್ಬರ ಕೈಯಲ್ಲೂ ರೇಷನ್ ಕಾರ್ಡು ಇತ್ತು, ಅದರ ಮೇಲೆ ಗಂಡನ ಹೆಸರೇ ದೊಡ್ಡಕ್ಷರದಲ್ಲಿತ್ತು. ಬಾಯಿಂದ ಬರಬೇಕು ಎಂದು ನಿಯಮವಿದ್ದುದರಿಂದ ಕೈಯಲ್ಲಿದ್ದದ್ದನ್ನು ಯಾರೂ ನೋಡಲಿಲ್ಲ. ಸುಮ್ಮನೆ ನಿಂತದ್ದಕ್ಕೆ ನಿಮ್ಮ ಕಚೇರಿ ಅರ್ಥ ಹಚ್ಚಿತು: ತಿಳಿದಿರುವುದಿಲ್ಲ.

ಬಾಯಿ ಬಿಟ್ಟವಳು ಸುಲ್ತಾನಾಬಿ ಒಬ್ಬಳೇ. ಆಕೆ ಒಡಪು ಗಿಡಪು ಹೇಳುವವಳಲ್ಲ. ಗಂಡನ ಹೆಸರೆಂದರೆ ಯಾವಾಗಲೂ ಮಗನ ಹೆಸರು ಹಿಡಿದು ‘ರಮೀಜನ ಅಬ್ಬಾ’, ರಮೀಜನ ಅಪ್ಪ, ಅನ್ನುತ್ತಾಳೆ. ಅಲ್ಲಿಯೂ ಅದನ್ನೇ ಹೇಳಿದಳು. ಗುಮಾಸ್ತರು ಅದರಲ್ಲಿ ಹೆಸರೆಂದು ಕಂಡ ಒಂದೇ ಶಬ್ದವನ್ನು ಹೆಕ್ಕಿ ಬರೆದುಕೊಂಡರು. ಅರ್ಜಿ ಮಂಜೂರಾಯಿತು. ಈಗ ನಿಮ್ಮ ಕರಡು ಪಟ್ಟಿಯಲ್ಲಿ ಸುಲ್ತಾನಾಬಿಯ ಗಂಡ ರಮೀಜ. ಅದರ ಕೆಳಗಿನ ಸಾಲಿನಲ್ಲಿಯೇ ರಮೀಜ, ವಯಸ್ಸು ಇಪ್ಪತ್ತೆರಡು, ತಂದೆ ಗುಡುಸಾಬ. ಹತ್ತರಗಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಆ ಹುಡುಗ ನಾಚಿಕೆಯಿಂದ ಎರಡು ವಾರ ಊರಿಗೆ ಬರಲಿಲ್ಲ. ಪಾತ್ರೆಗೆ ಕಲಾಯಿ ಹಾಕುವ ಗುಡುಸಾಬ ನಮ್ಮ ಕೇಂದ್ರಕ್ಕೆ ಬಂದು, ಸಾವಕಾಶ ಕೂತು, ನೀರು ಕುಡಿದು ಕೇಳಿದ: “ಅಕ್ಕಾ, ನಾ ಇನ್ನೂ ಅದೇನಿ ಅನ್ನೂದಕ್ಕ ಯಾವ ನಮೂನಿ ತುಂಬಬೇಕು?” ಸುತ್ತೋಲೆಯಲ್ಲಿ ಹುಡುಕಿದೆ. ಅದಕ್ಕೆ ನಮೂನೆ ಇಲ್ಲ.

ಇದೆಂಥ ಹಳೆಯ ಕಾಲದ ಪದ್ಧತಿ, ಬಿಡಬಾರದೇ ಎಂದು ನೀವು ಕೇಳಬಹುದು. ಒಳ್ಳೆಯದೋ ಕೆಟ್ಟದ್ದೋ ನಾನು ವಾದಿಸುವುದಿಲ್ಲ. ಗೋಕಾಕದ ಸೋದರತ್ತೆಯ ಮನೆಯಲ್ಲಿ ನಾಲ್ಕು ವರ್ಷ ಇದ್ದು ಬಂದ, ಇನ್ನೂ ಲಗ್ನವಾಗದ ದೀಪಾಲಿ, ಮುಂದೆ ತಾನು ಮಾತ್ರ ಗಂಡನನ್ನು ಮಾಳಿಗೆಯ ಮೇಲೆ ನಿಂತು ಹೆಸರು ಹಿಡಿದು ಕರೆಯುವವಳೇ ಎಂದು ಹೇಳಿದ್ದಾಳೆ. ಕರೆಯಲಿ. ಆದರೆ ಇಪ್ಪತ್ತೆಂಟನೇ ತಾರೀಕಿನೊಳಗೆ ಇಡೀ ಓಣಿ ಬದಲಾಗುವುದು ಕಷ್ಟ. ಇನ್ನೊಂದು ಮಾತು, ಸಿಟ್ಟು ಮಾಡಬೇಡಿ. ಪತ್ರ ಯಾರ ಹೆಸರಿಗೆ ಬರೆಯಬೇಕು ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. ಅವರು ದನಿ ತಗ್ಗಿಸಿ, “ಸಾಹೇಬರಿಗೆ ಅಂತ ಬರೀರಿ” ಅಂದರು. ಯಾವ ಸಾಹೇಬರು ಅಂದೆ. “ದೊಡ್ಡ ಸಾಹೇಬರು” ಅಂದರು. ಹೆಸರು ಕೇಳಿದೆ. ಅತ್ತ ಇತ್ತ ನೋಡಿ ಗೋಡೆಯ ಮೇಲಿನ ಫಲಕದ ಕಡೆ ಬೆರಳು ಮಾಡಿದರು, ಬಾಯಿ ಬಿಡಲಿಲ್ಲ. ಅವರಿಗೆ ತಮ್ಮ ಸಾಹೇಬರ ಹೆಸರು ತಿಳಿದಿರುವುದಿಲ್ಲ ಎಂದು ನಾನೇನಾದರೂ ಬರೆದುಕೊಂಡೆನೇ? ಮರ್ಯಾದೆ ಎಂದು ತಿಳಿದುಕೊಂಡೆ. ಅದಕ್ಕೇ ಈ ಪತ್ರದಲ್ಲಿ ನಿಮ್ಮ ಹೆಸರನ್ನು ನಾನೂ ಎತ್ತಿಲ್ಲ.

ಇನ್ನು ನನ್ನ ಮೇಲಿನ ಆರೋಪ. ಇದರಲ್ಲಿ ನನ್ನ ತಪ್ಪೂ ಇದೆ. ಅರ್ಜಿಗಳು ತಿರಸ್ಕಾರವಾದ ಮೇಲೆ, ಇವರಿಗೆ ಹೆಸರು ಗೊತ್ತು, ಬಾಯಿಂದಲೇ ಹೇಳಿದ್ದಾರೆ ಎಂದು ತೋರಿಸಲು ನನ್ನ ಡೈರಿಯನ್ನು ಒಯ್ದು ಮೇಜಿನ ಮೇಲೆ ಇಟ್ಟೆ. ನಿಮ್ಮ ಸಾಹೇಬರು ಒಂದು ಒಡಪನ್ನೂ ಓದಲಿಲ್ಲ. ಹಾಳೆಯ ತಲೆಯ ಮೇಲೆ ಅಚ್ಚಾದ ತಾರೀಕುಗಳನ್ನು ಓದಿದರು. ಅಲ್ಲವ್ವನ ಒಡಪು ಮಾರ್ಚ್ ಹತ್ತಕ್ಕೆ, ಕಡೆಯಾಕೆಯದು ಏಪ್ರಿಲ್ ಐದಕ್ಕೆ. ಸುತ್ತೋಲೆ ಹೊರಟದ್ದು ನವೆಂಬರಿನಲ್ಲಿ. ಸುತ್ತೋಲೆಗೆ ಎಂಟು ತಿಂಗಳು ಮುಂಚೆಯೇ ಉತ್ತರ ಬರೆದಿಟ್ಟವರು ಯಾರಮ್ಮ ಎಂದು ಕೇಳಿದರು. ಅದರಿಂದ ಇದು ಸೃಷ್ಟಿಸಿದ ದಾಖಲೆ ಎಂದಾಯಿತು. ಮಾರ್ಚಿನ ಹಾಳೆ ಯಾಕೆ ಖಾಲಿ ಇತ್ತು ಎಂದು ಅವರು ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಅವರು ಕೇಳಲಿಲ್ಲ, ನಾನೂ ಆ ದಿನ ನೆಲ ನೋಡಿದೆ.

ಈಗ ಹೇಳುತ್ತೇನೆ. ನಮ್ಮ ಮನೆಯವರು ಬೆಲ್ಲದ ಬಾಗೇವಾಡಿಯ ಒಂದು ಬೆಲ್ಲದ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾಣಜಿಯಾಗಿದ್ದರು. ಪ್ರತಿ ಹೊಸ ವರ್ಷಕ್ಕೆ ಅಂಗಡಿಯವರು ಅವರಿಗೊಂದು ಡೈರಿ ಕೊಡುತ್ತಿದ್ದರು, ಅವರು ತಂದು ನನಗೆ ಕೊಡುತ್ತಿದ್ದರು. ಮೊದಲ ವರ್ಷ ಇದರಲ್ಲಿ ನಾನೇನು ಬರೆಯಲಿ ಎಂದು ಕೇಳಿದ್ದೆ. “ನನ್ನ ಮ್ಯಾಲಿನ ಸಿಟ್ಟ ಎಲ್ಲಾ ಬರಿ. ನಾ ಓದೂದಿಲ್ಲ” ಅಂದರು. ಇಪ್ಪತ್ತಾರು ಡೈರಿ ತಂದರು. ಒಂದನ್ನೂ ತೆರೆದು ನೋಡಲಿಲ್ಲ. ಆದರೂ ನಾನು ಸಿಟ್ಟಿನಲ್ಲಿ ಏನಾದರೂ ಬರೆದ ಮರುದಿನ ಬರುವಾಗ ಅಂಗಡಿಯಿಂದ ಒಂದು ಹೆಂಟೆ ಹೊಸ ಬೆಲ್ಲ ತಂದು, ಏನೂ ಹೇಳದೆ ಒಲೆಯ ಬದಿಗೆ ಇಡುತ್ತಿದ್ದರು. ಹೋದ ವರ್ಷದ ಡೈರಿಯಲ್ಲಿ ಮಾರ್ಚ್ ಒಂಬತ್ತರ ಹಾಳೆಯ ಮೇಲೆ ಎರಡೇ ಸಾಲು ಇವೆ: ‘ಅವಲಕ್ಕಿಗೆ ಉಪ್ಪು ಹೆಚ್ಚಾಗಿದೆ ಎಂದರು. ನಾನು ಮಾತಾಡಲಿಲ್ಲ.’ ಆ ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಕೂತಲ್ಲಿಯೇ ಅವರು ಹೋದರು. ಮರುದಿನದ ಹಾಳೆಯಿಂದ ಡೈರಿ ಖಾಲಿ.

ನವೆಂಬರಿನಲ್ಲಿ ಹಾಳೆ ಬೇಕಾದಾಗ ಆ ಡೈರಿಯನ್ನೇ ತೆಗೆದೆ. ನಡುವೆ ಅಷ್ಟು ಹಾಳೆ ಹಾರಿಸಿ ನವೆಂಬರಿಗೆ ಹೋಗಲು ಕೈ ಬರಲಿಲ್ಲ. ನಿಂತಲ್ಲಿಂದಲೇ ಮುಂದುವರಿದೆ. ಅವರು ಇಲ್ಲದ ಮೊದಲನೆಯ ದಿನದ ಮೇಲೆ ಅಲ್ಲವ್ವ ಗಂಡನನ್ನು ಸಂತೆಗೆ ಕಳಿಸಿದಳು. ಮೂರನೆಯ ದಿನದ ಮೇಲೆ ಭಕ್ತಿ ಅತ್ತೆಯ ಮುಂದೆ ಗಂಡನನ್ನು ಮೂಕನನ್ನಾಗಿ ಮಾಡಿದಳು. ಇಪ್ಪತ್ತೇಳು ದಿನ ಹಾಗೆ ತುಂಬಿದವು. ನನಗೆ ಆ ದಿನಗಳಲ್ಲಿ ಏನಾಗಿತ್ತೆಂದು ನೆನಪೇ ಇಲ್ಲ. ಈಗ ಆ ಹಾಳೆಗಳನ್ನು ತಿರುವಿದರೆ ನಗು ಬರುತ್ತದೆ. ನಿಮ್ಮ ನೋಟೀಸಿನ ಭಾಷೆಯಲ್ಲಿ ಇದಕ್ಕೆ ಹಿಂದಿನ ತಾರೀಕು ಹಾಕಿ ಸೃಷ್ಟಿಸಿದ ದಾಖಲೆ ಎನ್ನುತ್ತಾರೆ. ಅದು ಪೂರ್ತಿ ಸುಳ್ಳೇನೂ ಅಲ್ಲ ಎಂದು ಒಮ್ಮೊಮ್ಮೆ ನನಗೂ ಅನಿಸುತ್ತದೆ.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಇಪ್ಪತ್ತೆಂಟರೊಳಗೆ ಒಂದು ಮಧ್ಯಾಹ್ನ ನಮ್ಮ ಕೇಂದ್ರಕ್ಕೆ ಯಾರನ್ನಾದರೂ ಕಳಿಸಿ. ಕುರ್ಚಿ ಇದೆ, ಚಹಾ ಇದೆ, ಗಡಿಯಾರ ಮಾತ್ರ ಹತ್ತು ನಿಮಿಷ ಮುಂದಿದೆ. ಬಂದವರು ರೇಷನ್ ಕಾರ್ಡು ನೋಡಿ ಬರೆದುಕೊಂಡರೂ ಸರಿ. ಬಾಯಿಂದಲೇ ಬೇಕೆಂದರೆ ನಾಲ್ಕು ಸಾಲು ಪೂರ್ತಿ ಕೇಳಬೇಕು, ಮೂರಕ್ಕೆ ಎದ್ದುಬಿಡಬಾರದು. ಗುಡುಸಾಬ ಇನ್ನೂ ಇದ್ದಾನೆ ಎಂಬುದನ್ನು ಸರಕಾರ ಒಪ್ಪಿಕೊಳ್ಳಬೇಕು. ಮತ್ತು ಆ ಇಪ್ಪತ್ತೇಳು ಅರ್ಜಿಗಳ ಮೇಲಿನ ವಾಕ್ಯವನ್ನು ನೀವೇ ಹೊಡೆದುಹಾಕಬೇಕು. ಹೆಸರು ಪಟ್ಟಿಗೆ ಸೇರಿದರೆ ನಳ ಬರುತ್ತದೋ ಇಲ್ಲವೋ ನಾವು ನೋಡಿಕೊಳ್ಳುತ್ತೇವೆ. ಗಂಡನ ಹೆಸರು ಗೊತ್ತಿಲ್ಲದವಳು ಎಂದು ಕಡತದಲ್ಲಿ ಉಳಿಯಲು ಮಾತ್ರ ಯಾರೂ ಒಪ್ಪುವುದಿಲ್ಲ. ನನ್ನ ಮೇಲಿನ ನೋಟೀಸನ್ನು ಬೇಕಾದರೆ ಇಟ್ಟುಕೊಳ್ಳಿ.

ಅದಕ್ಕೂ ಒಂದು ಕಾರಣವಿದೆ. ಗಂಡ ಹೋದವಳನ್ನು ನಮ್ಮಲ್ಲಿ ಯಾರೂ ಒಡಪು ಹೇಳು ಅನ್ನುವುದಿಲ್ಲ. ಮದುವೆಮನೆಯಲ್ಲಿ ಬಾಗಿಲಿಗೆ ಅಡ್ಡ ನಿಂತವರು ನನ್ನನ್ನು ಕಂಡರೆ ಬದಿಗೆ ಸರಿದು ದಾರಿ ಬಿಡುತ್ತಾರೆ. ಮರ್ಯಾದೆಯಿಂದಲೇ ಬಿಡುತ್ತಾರೆ. ಹನ್ನೊಂದು ತಿಂಗಳಿನಿಂದ ಆ ಹೆಸರನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು, ಹೇಳದಿದ್ದರೆ ಬಿಡುವುದಿಲ್ಲ ಎಂದವರು ನೀವೊಬ್ಬರೇ. ನಿಮ್ಮ ಚುಕ್ಕಿಗಳನ್ನು ಕೆಳಗೆ ತುಂಬಿದ್ದೇನೆ.

ಇಂತಿ, ಈ ಸಲ ನೆಲ ನೋಡದೆ ಹೇಳುತ್ತಿರುವ,

ರಾಜಮತಿ, ಕೋಂ

ವರ್ಷಕ್ಕೊಂದು ಡೈರಿ ತಂದರು, ಒಂದ ದಿವಸಾನೂ ಓದಲಿಲ್ಲ,
ಒಲಿ ಬಾಜೂ ಬೆಲ್ಲ ಇಟ್ಟರು, ಸಿಟ್ಟ ಯಾಕಂತ ಕೇಳಲಿಲ್ಲ,
ಉಪ್ಪ ಹೆಚ್ಚಾತಂದ ದಿವಸ ನಾ ಮಾತಾಡದ ಕುಂತಿದ್ದೆ,
ಸರಕಾರ ಕೇಳೇತಿ, ಹೇಳತೇನಿ, ನಮ್ಮ ಬಾಬಾಸಾಹೇಬರು.